ಚಿತ್ರಾನ್ನ, ಬಿಳಿ ಶರ್ಟು ಮತ್ತು ಮಹಡಿ ಮೇಲಿಂದ ನಾನು ಬರೆದ ಮೇಲ್‌ಗಳು

ಬೆಂಗಳೂರಲ್ಲಿ ಗಾರ್ಮೆಂಟ್ಸ್ ಎಕ್ಸ್‌ಪೋರ್ಟ್‌ನಲ್ಲಿ ಮರ್ಚಂಡೈಸರ್ ಆಗಿ ನಂಗೆ ಹನ್ನೊಂದು ವರ್ಷ ಆಯ್ತು. ಮರ್ಚಂಡೈಸರ್ ಅಂದ್ರೆ ಏನು ಅಂತ ನಮ್ಮಮ್ಮಂಗೆ ಇನ್ನೂ ಅರ್ಥ ಆಗಿಲ್ಲ, ನೆಂಟ್ರು ಕೇಳಿದ್ರೆ "ಬಟ್ಟೆ ಕಂಪನಿಲಿ ಮೇಲ್ ಮಾಡ್ತಾಳೆ" ಅಂತಾರೆ. ಅದಕ್ಕಿಂತ ಸರಿಯಾದ ವಿವರಣೆ ನಾನೂ ಕೊಡಕ್ಕಾಗಲ್ಲ ಬಿಡಿ. ಬಯರ್, ಅಂದ್ರೆ ಬಟ್ಟೆಗೆ ಆರ್ಡರ್ ಕೊಡೋ ಹೊರದೇಶದ ಕಂಪನಿಯವರು, ಏನು ಕೇಳಿದ್ರು ಅಂತ ಫ್ಯಾಕ್ಟರಿಗೆ ಹೇಳೋದು, ಫ್ಯಾಕ್ಟರಿಲಿ ಏನು ಆಗ್ತಿದೆ ಅಂತ ಬಯರ್‌ಗೆ ಹೇಳೋದು, ಇಷ್ಟೇ ಕೆಲಸ. ಈ ಎರಡನೇದನ್ನ ಎಷ್ಟು ಕೆಟ್ಟದಾಗಿ ಮಾಡಬಹುದು ಅನ್ನೋದರ ಕಥೆ ಇದು.

ನೆನಪಾಗಿದ್ದು ಹೋದ ಭಾನುವಾರ ನೋಡಿದ ಒಂದು ಸಿನಿಮಾ ಇಂದ. ರಾಬರ್ಟ್ ಆಲ್ಟ್‌ಮನ್ 1994ರಲ್ಲಿ ಮಾಡಿದ್ದು, ಹೆಸರು ಪ್ರೆತ್-ಆ-ಪೋರ್ತೆ. ಅಮೆರಿಕದಲ್ಲಿ ಈ ಫ್ರೆಂಚ್ ಹೆಸರು ಜನರ ಬಾಯಲ್ಲಿ ಹೊರಳಲ್ಲ ಅಂತಲೋ ಏನೋ, ಅಲ್ಲಿ ರೆಡಿ ಟು ವೇರ್ ಅಂತ ಬಿಟ್ರು. ಕಾಲೇಜಲ್ಲಿ ಫ್ಯಾಷನ್ ಕೋರ್ಸ್ ಮಾಡುವಾಗ ಹಾಸ್ಟೆಲ್‌ನಲ್ಲಿ ಯಾರದೋ ಪೆನ್‌ಡ್ರೈವ್‌ನಲ್ಲಿ ನೋಡಿದ್ದೆ, ಆಗ ತಲೆಬುಡ ಅರ್ಥ ಆಗಿರಲಿಲ್ಲ, ಜೂಲಿಯಾ ರಾಬರ್ಟ್ಸ್ ಇದಾಳೆ ಅಂತ ನೋಡಿದ್ದು ಅಷ್ಟೇ. ಕಥೆ ನಡೆಯೋದು ಪ್ಯಾರಿಸ್ ಫ್ಯಾಷನ್ ವೀಕ್‌ನಲ್ಲಿ. ಆಲ್ಟ್‌ಮನ್ ತನ್ನ ಆಕ್ಟರ್‌ಗಳನ್ನೆಲ್ಲ ನಿಜವಾದ ಶೋಗಳ ಮಧ್ಯಕ್ಕೇ ಬಿಟ್ಟು ಶೂಟ್ ಮಾಡಿದ್ದು, ಹಾಗಾಗಿ ಸೋಫಿಯಾ ಲೊರೆನ್, ಮಾಸ್ಟ್ರೊಯಾನಿ ಇವರ ಜೊತೆ ನಿಜವಾದ ಡಿಸೈನರ್‌ಗಳು, ಜಾನ್ ಪಾಲ್ ಗೋಟಿಯೇ, ಸೋನಿಯಾ ರಿಕಿಯೆಲ್ ಎಲ್ಲ ತಮ್ಮ ತಮ್ಮ ಪಾತ್ರದಲ್ಲೇ ಬಂದು ಹೋಗ್ತಾರೆ. ಹೀರೋ ಅಂತ ಯಾರೂ ಇಲ್ಲ, ಮದುವೆ ಮನೆ ಥರ, ಎಲ್ರೂ ಒಟ್ಟಿಗೆ ಮಾತಾಡ್ತಿರ್ತಾರೆ, ಯಾರ ಮಾತೂ ಯಾರಿಗೂ ಪೂರ್ತಿ ಕೇಳಿಸಲ್ಲ. ಜೊತೆಗೆ ಇಡೀ ಸಿನಿಮಾದಲ್ಲಿ ಯಾರಾದ್ರೂ ಒಬ್ರು ನಾಯಿ ಕಕ್ಕದ ಮೇಲೆ ಕಾಲಿಡ್ತಾನೇ ಇರ್ತಾರೆ. ಸಿನಿಮಾ ಓಡಲಿಲ್ಲ, ವಿಮರ್ಶಕರೂ ಬೈದ್ರು, ಪೂರ್ತಿ ಚೆನ್ನಾಗಿದೆ ಅಂತ ನಾನೂ ಹೇಳಲ್ಲ, ಮಧ್ಯೆ ಎದ್ದು ಕಾಫಿ ಮಾಡ್ಕೊಂಡು ಬಂದೆ ಏನೂ ಮಿಸ್ ಆಗಲಿಲ್ಲ.

ಆದ್ರೆ ಅದರಲ್ಲಿ ಇಬ್ರು ರಿಪೋರ್ಟರ್‌ಗಳಿದಾರೆ, ಜೂಲಿಯಾ ರಾಬರ್ಟ್ಸ್ ಮತ್ತೆ ಟಿಮ್ ರಾಬಿನ್ಸ್. ಗುರುತು ಪರಿಚಯ ಇಲ್ಲದ ಇಬ್ರಿಗೂ ಹೋಟೆಲಲ್ಲಿ ಒಂದೇ ರೂಮ್ ಸಿಗುತ್ತೆ, ಇಬ್ರ ಲಗೇಜೂ ಕೈಗೆ ಸಿಗಲ್ಲ, ಹಾಕ್ಕೊಳೋಕೆ ಬಟ್ಟೆ ಇಲ್ಲ, ಹೋಟೆಲ್ ಕೊಟ್ಟ ಬಾತ್‌ರೋಬ್ ಸುತ್ಕೊಂಡು ಅಲ್ಲೇ ಇದ್ದುಬಿಡ್ತಾರೆ. ಇಡೀ ಊರಲ್ಲಿ ಬಟ್ಟೆಯ ಹಬ್ಬ ನಡೀತಿದೆ, ಅದನ್ನ ವರದಿ ಮಾಡೋಕೆ ಬಂದವರ ಮೈಮೇಲೆ ಬಟ್ಟೆ ಇಲ್ಲ! ಅದಕ್ಕಿಂತ ಮಜಾ ಏನಂದ್ರೆ ಅವನು ರೂಮಿಂದ ಆಚೆ ಕಾಲಿಡದೆ, ಟಿವಿಲಿ ಬಂದಿದ್ದನ್ನೇ ಕೇಳಿ ಫೋನಲ್ಲಿ ಆಫೀಸಿಗೆ ಸ್ಟೋರಿ ಹೇಳಿಬಿಡ್ತಾನೆ. ಇದು ಬಂದಾಗ ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು. ನಂಗೆ ನಗು ಬರಲಿಲ್ಲ, ನಾನು ಎರಡು ವರ್ಷದ ಹಿಂದೆ ಮಾಡಿದ್ದು ಇದನ್ನೇ, ಬಾತ್‌ರೋಬ್ ಒಂದು ಇರಲಿಲ್ಲ ಅಷ್ಟೇ.

ಆಗ ಬೇರೆ ಫ್ಯಾಕ್ಟರಿಲಿದ್ದೆ, ಹೆಸರು ಬೇಡ. ಬಿಳಿ ಶರ್ಟ್ ಆರ್ಡರ್, ಹನ್ನೆರಡು ಸಾವಿರ ಪೀಸ್. ಬಿಳಿ ಅಂದ್ರೇನೇ ಗಾರ್ಮೆಂಟ್ಸ್‌ನಲ್ಲಿ ಎಲ್ರಿಗೂ ಹೊಟ್ಟೆನೋವು, ಎಣ್ಣೆ, ಧೂಳು, ಪೆನ್ಸಿಲ್ ಮಾರ್ಕ್, ಎಲ್ಲ ಎದ್ದು ಕಾಣುತ್ತೆ. ನಮ್ಮ ಆಫೀಸ್ ಎರಡನೇ ಮಹಡಿ, ಎಸಿ. ಹೊಲಿಗೆ ಮಿಷಿನ್‌ಗಳ ಸಾಲು, ಅಂದ್ರೆ ಲೈನ್‌ಗಳಿರೋದು ಕೆಳಗೆ. ದಿನಾ ಬೆಳಿಗ್ಗೆ ಪ್ರೊಡಕ್ಷನ್ ರಿಪೋರ್ಟ್ ಅಂತ ಒಂದು ಎಕ್ಸೆಲ್ ಶೀಟ್ ಬರುತ್ತೆ, ಕಟಿಂಗ್ ಎಷ್ಟು, ಲೈನ್‌ಗೆ ಲೋಡ್ ಆಗಿದ್ದೆಷ್ಟು, ಔಟ್‌ಪುಟ್ ಎಷ್ಟು. ನಾನು ಆ ಔಟ್‌ಪುಟ್ ನಂಬರ್ ನೋಡ್ಕೊಂಡು ಬಯರ್‌ಗೆ "ಎಲ್ಲ ಪ್ಲಾನ್ ಪ್ರಕಾರ ನಡೀತಿದೆ" ಅಂತ ಹಾಕ್ತಿದ್ದೆ. ಮೂರು ವಾರ ಹೀಗೇ ಹಾಕಿದೀನಿ. ನಂಗೆ ಗೊತ್ತಿಲ್ಲದ್ದು ಏನಂದ್ರೆ ಆ ಶೀಟ್ ತುಂಬೋ ಹುಡುಗ ಆಲ್ಟರ್‌ಗೆ, ಅಂದ್ರೆ ತಪ್ಪು ಸರಿ ಮಾಡೋಕೆ ವಾಪಸ್ ಹೋದ ಪೀಸ್‌ಗಳನ್ನೂ ಔಟ್‌ಪುಟ್‌ಗೆ ಸೇರಿಸ್ತಿದ್ದ, ಅವನಿಗೆ ಯಾರೋ ಹಾಗೇ ಹೇಳ್ಕೊಟ್ಟಿದ್ರು. ಶೀಟಲ್ಲಿ ಮುಗಿದಿದ್ದ ಒಂಬೈನೂರು ಚಿಲ್ಲರೆ ಶರ್ಟ್ ಕೆಳಗೆ ಲೈನಿನ ಕೊನೇಲಿ ಕ್ರೇಟ್‌ಗಳಲ್ಲಿ ಗುಡ್ಡೆ ಬಿದ್ದಿತ್ತು. ಮೆಟ್ಟಿಲಿಳಿದು ಒಂದು ಸಲ ಕಣ್ಣಾಡಿಸಿದ್ರೆ ಸಾಕಿತ್ತು, ಕುರುಡ್ರಿಗೂ ಕಾಣೋ ಥರ ಇತ್ತು ಆ ಗುಡ್ಡೆ.

ಕಡೆಗೆ ಲೆಕ್ಕ ಸಿಕ್ಕಿಬಿತ್ತು. ಶಿಪ್‌ಮೆಂಟ್ ತಪ್ಪಿದ್ರೆ ಏರ್‌ನಲ್ಲಿ, ಅಂದ್ರೆ ವಿಮಾನದಲ್ಲಿ ಕಳಿಸ್ಬೇಕು, ಏರ್ ಖರ್ಚು ಫ್ಯಾಕ್ಟರಿ ತಲೆ ಮೇಲೆ. ಜನರಲ್ ಮ್ಯಾನೇಜರ್ (ಜಿಎಂ) ಕೂಗಾಡಿದ್ರು, ಗಂಟೆಗೊಂದು ಟಾರ್ಗೆಟ್ ಬರೆಯೋ ಬೋರ್ಡ್‌ನಲ್ಲಿ ನಂಬರ್ ಏರಿಸಿದ್ರು, ನಾನು ಬಯರ್‌ಗೆ ಇನ್ನೊಂದು ಡೇಟ್ ಕೊಟ್ಟು ಮನೆಗೆ ಹೋದೆ.

ಅದಾಗಿ ನಾಲ್ಕೈದು ದಿನಕ್ಕೆ ಕಲೆ ಶುರುವಾಯ್ತು.

ಫಿನಿಶಿಂಗ್‌ನಲ್ಲಿ, ಅಂದ್ರೆ ಹೊಲಿದಿದ್ದನ್ನ ಒಗೆದು ರೆಡಿ ಮಾಡೋ ಕಡೆ, ಬಿಳಿ ಶರ್ಟಿನ ಗುಂಡಿಪಟ್ಟಿ ಹತ್ರ, ಕಾಲರ್ ಹತ್ರ, ಕೆಂಪು-ಕಂದು ಚುಕ್ಕೆಗಳು. ಒಂದಲ್ಲ ಎರಡಲ್ಲ, ಮುನ್ನೂರು ಪೀಸ್ ದಾಟಿತು. ಲೈನ್ ಚೆಕಿಂಗ್‌ನಲ್ಲಿ ಯಾರಿಗೂ ಕಂಡಿಲ್ಲ, ಸೋಪ್ ಹಾಕಿ ಒಗೆದು ಬಂದ ಮೇಲೆ ಮಾತ್ರ ಕಾಣುತ್ತೆ. ನೋಡಿದ ತಕ್ಷಣ ಎಲ್ರೂ ಹೇಳಿದ್ದು ತುಕ್ಕು ಅಂತ. ತುಕ್ಕಿನ ಕಲೆಗೆ ಹಾಕೋ ಆಸಿಡ್ ಥರದ ಲಿಕ್ವಿಡ್ ಇರುತ್ತೆ ಫಿನಿಶಿಂಗ್‌ನಲ್ಲಿ, ಅದನ್ನ ಹಚ್ಚಿದ್ರೆ ಕೆಂಪು ಹೋಯ್ತು. ಸರಿ, ತುಕ್ಕೇ ಅಂತ ಕನ್‌ಫರ್ಮ್ ಆಯ್ತು. ಆದ್ರೆ ಆಸಿಡ್ ವಾಸನೆ ಹೋಗ್ಲಿ ಅಂತ ಆ ಪೀಸನ್ನ ಇನ್ನೊಂದು ಸಲ ಸೋಪ್ ನೀರಲ್ಲಿ ಅದ್ದಿದ್ರೆ ಕಲೆ ವಾಪಸ್! ದೆವ್ವ ಹೊಕ್ಕಿದೆ ಅಂದ್ಕೊಂಡ್ರು ಹುಡುಗ್ರು.

ಇಲ್ಲಿಂದ ನಮ್ಮಲ್ಲಿ ನಡೆದಿದ್ದು ಪೂರ್ತಿ ಆಲ್ಟ್‌ಮನ್ ಸಿನಿಮಾ. ಅದರಲ್ಲಿ ಫ್ಯಾಷನ್ ಕೌನ್ಸಿಲ್‌ನ ದೊಡ್ಡ ಮನುಷ್ಯ ಒಬ್ಬ ಸೇತುವೆ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡ ಕಾರಲ್ಲಿ ಸಾಯ್ತಾನೆ. ಹ್ಯಾಮ್ ಸ್ಯಾಂಡ್‌ವಿಚ್ ತುಂಡು ಗಂಟಲಲ್ಲಿ ಸಿಕ್ಕಿ ಸತ್ತಿದ್ದು, ಅಷ್ಟೇ. ಜೊತೆಲಿದ್ದವನು ಹೆದರಿ ಕಾರಿಂದ ಹಾರಿ ಓಡ್ತಾನೆ, ಅದನ್ನ ನೋಡಿ ಎಲ್ರೂ ಕೊಲೆ ಅಂತಾರೆ, ಪೊಲೀಸ್ ಬರ್ತಾರೆ, ಟಿವಿ ಬರುತ್ತೆ, ಯಾರು ಕೊಂದ್ರು ಅಂತ ಇಡೀ ಪ್ಯಾರಿಸ್ ಮಾತಾಡುತ್ತೆ. ನಮ್ಮಲ್ಲೂ ಹಾಗೇ. ಕ್ವಾಲಿಟಿಯವರು ಮಿಲ್‌ನ ಬಟ್ಟೆ ಸರಿ ಇಲ್ಲ ಅಂದ್ರು, ಮಿಲ್‌ನವರು ನಿಮ್ಮ ನೀರು ಸರಿ ಇಲ್ಲ ಅಂದ್ರು, ವಾಷಿಂಗ್‌ನವರು ಟ್ಯಾಂಕರ್ ನೀರಲ್ಲ ಸಾರ್ ನೂಲು ನೋಡಿ ಅಂದ್ರು, ಮೆಕ್ಯಾನಿಕ್ ಒಂದೊಂದೇ ಮಿಷಿನ್ ಬಿಚ್ಚಿ ನೀಡಲ್ ಪ್ಲೇಟ್ ಉಜ್ಜಿ ಕೂತ. ಮೇಲ್‌ನಲ್ಲಿ ಒಬ್ರನ್ನೊಬ್ರು ಕಳ್ಳ ಅನ್ನೋದು ಒಂದು ಬಾಕಿ. (ಆ ಸಿನಿಮಾದಲ್ಲಿ ಒಂದು ಪಾತ್ರ ಕಾರ್ಲ್ ಲಾಗರ್‌ಫೆಲ್ಡ್ ಅನ್ನೋ ನಿಜವಾದ ಡಿಸೈನರ್‌ನ ಕಳ್ಳ ಅಂದಿದ್ದಕ್ಕೆ ಆತ ಜರ್ಮನಿಲಿ ಕೋರ್ಟ್‌ಗೆ ಹೋಗಿದ್ದರು. ನಮ್ಮ ಮೇಲ್ ಥ್ರೆಡ್ ಓದಿದ್ರೆ ಆಯಪ್ಪಂಗೆ ಸಮಾಧಾನ ಆಗಿರೋದು.)

ನಾನೇನು ಮಾಡ್ದೆ? ಮೇಲೆ ಕೂತು ಎಲ್ರ ಮೇಲ್ ಓದಿ ಪಿಪಿಟಿ ಮಾಡ್ದೆ. ಕಾರಣ ಹುಡುಕೋಕೆ ಮೀನಿನ ಮುಳ್ಳಿನ ಥರ ಒಂದು ಚಿತ್ರ ಹಾಕ್ತೀವಲ್ಲ, ಒಂದು ಮುಳ್ಳಿಗೆ ಮಿಷಿನ್, ಒಂದಕ್ಕೆ ಮೆಟೀರಿಯಲ್, ಒಂದಕ್ಕೆ ನೀರು, ಬಹಳ ಚೆನ್ನಾಗಿ ಬಂದಿತ್ತು, ಕಲರ್ ಎಲ್ಲ ಮ್ಯಾಚ್ ಮಾಡಿದ್ದೆ. ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಫಿಲ್ಟರ್ ಬದಲಾಯಿಸ್ತಿದೀವಿ ಅಂತ ಬಯರ್‌ಗೆ ಕಳಿಸಿದ್ದೂ ಆಯ್ತು. ಇಷ್ಟೆಲ್ಲ ಬರೆಯೋ ಹೊತ್ತಿಗೆ ನಾನು ಕಲೆಯಾದ ಒಂದು ಶರ್ಟನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ವಾಟ್ಸಾಪಲ್ಲಿ ಫೋಟೋ ನೋಡಿದ್ದೆ. ಆ ಸಿನಿಮಾದಲ್ಲಿ ಲಾರೆನ್ ಬಕಾಲ್ ಮಾಡಿರೋ ಪಾತ್ರ, ಫ್ಯಾಷನ್ ಲೋಕದ ದೊಡ್ಡಮ್ಮ, ಆಕೆಗೆ ಬಣ್ಣಗುರುಡು. ಅವಳನ್ನ ನೋಡಿ ನಗೋ ಯೋಗ್ಯತೆ ನಂಗಿಲ್ಲ.

ಬಯರ್ ವಿಡಿಯೋ ಕಾಲ್‌ನಲ್ಲಿ ಒಂದು ಪೀಸ್ ತೋರಿಸಿ ಅಂದ್ರು. ನನ್ನ ಟೇಬಲ್ ಮೇಲೆ ಇರಲಿಲ್ಲ. ತರೋಣ ಅಂತ ಕೆಳಗಿಳಿದೆ, ಆಗ ಮಧ್ಯಾಹ್ನ ಒಂದೂಮುಕ್ಕಾಲು ಇರ್ಬೇಕು.

ಚೆಕಿಂಗ್ ಟೇಬಲ್ ಹತ್ರ ಒಬ್ರು ಅಕ್ಕ, ಮದ್ದೂರು ಕಡೆಯವರು, ಇಪ್ಪತ್ತು ವರ್ಷದ ಸರ್ವಿಸ್. ತುಕ್ಕಿನ ಪೀಸ್ ಒಂದು ಕೊಡಿ ಅಕ್ಕ ಅಂದೆ. ಅವರು ಶರ್ಟ್ ಕೊಟ್ಟು ನನ್ನ ಮುಖ ನೋಡಿ, "ತುಕ್ಕಾ? ಇದು ಚಿತ್ರಾನ್ನ ಕಣ್ ಮೇಡಂ" ಅಂದ್ರು.

ನಾನು ತಮಾಷೆ ಅಂದ್ಕೊಂಡೆ. ಅವರು ಪಕ್ಕದಲ್ಲಿದ್ದ ಬಿಳಿ ಕಟ್‌ಪೀಸ್ ಎಳ್ಕೊಂಡು, ಟೇಬಲ್ ಕೆಳಗಿನ ಬುತ್ತಿ ಮುಚ್ಚಳದಲ್ಲಿ ಉಳಿದಿದ್ದ ಎಣ್ಣೆನ ಬೆರಳಲ್ಲಿ ಮುಟ್ಟಿ ಬಟ್ಟೆಗೆ ಒತ್ತಿದ್ರು. ಟ್ಯೂಬ್‌ಲೈಟ್ ಬೆಳಕಲ್ಲಿ ಏನೂ ಕಾಣಲ್ಲ, ಬಹಳ ಹೊತ್ತು ಕಣ್ಣಿಟ್ಟರೆ ಒಂಚೂರು ಹಳದಿ. ಆಮೇಲೆ ಅತ್ಲಾಗಿತ್ಲಾಗೆ ನೋಡಿ ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದು (ಫ್ಲೋರ್‌ಗೆ ಅದನ್ನ ತರೋ ಹಾಗಿಲ್ಲ, ನಾನು ನೋಡಿಲ್ಲ) ಉಗುರ ತುದೀಲಿ ಸುಣ್ಣ ತಗೊಂಡು ಆ ಹಳದಿ ಮೇಲೆ ಉಜ್ಜಿದ್ರು. ಕಣ್ಣೆದುರಿಗೇ ಕೆಂಪಗಾಯ್ತು! ಅದೇ ಕೆಂಪು-ಕಂದು, ಥೇಟು ಅದೇ. "ಅರಿಶಿನಕ್ಕೆ ಸುಣ್ಣ ಬಿದ್ರೆ ಓಕುಳಿ ಆಗಲ್ವಾ ಮೇಡಂ? ಸೋಪೂ ಹಂಗೇಯ. ನಿಮ್ಮನೇಲಿ ಆರತಿ ಮಾಡಿಲ್ವಾ?"

ಮಾಡಿದೀವಿ. ನನ್ನ ಮದುವೇಲೇ ಮಾಡಿದಾರೆ, ಎರಡು ಸಲ. ಆರತಿ ನೀರು ಕೆಂಪಗೆ ಯಾಕಿರುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಿದ್ದೆಲೂ ಹೇಳ್ತೀನಿ. ಸೋಪ್ ಬಿದ್ರೆ ಕೆಂಪು, ಹುಳಿ ಅಂದ್ರೆ ಆಸಿಡ್ ಬಿದ್ರೆ ಮತ್ತೆ ಹಳದಿ, ದೆವ್ವದ ಕಥೆ ಇಷ್ಟೇ. ಮಿಲ್‌ನ ಟೆಕ್ನಿಕಲ್ ಟೀಮ್, ಲ್ಯಾಬ್‌ಗೆ ಹೋದ ನೀರಿನ ಬಾಟ್ಲು, ನನ್ನ ಮೀನಿನ ಮುಳ್ಳು, ಎಲ್ಲ ಸೇರಿ ಎಂಟು ದಿನ.

ಮೊದಲೇ ಯಾಕೆ ಹೇಳಲಿಲ್ಲ ಅಕ್ಕ ಅಂತ ಕೇಳಿದೆ, ಸ್ವಲ್ಪ ಜೋರಾಗೇ ಕೇಳಿದೆ ಅನ್ಸುತ್ತೆ. "ಯಾರು ಕೇಳಿದ್ರು?" ಅಂದ್ರು. ಅವರ ದನಿಲಿ ಸಿಟ್ಟಿರಲಿಲ್ಲ, ಅದೇ ಕಷ್ಟ ಆಗಿದ್ದು. ಸೂಪರ್‌ವೈಸರ್‌ಗೆ ಹೇಳೋಕೆ ಹೋದ್ರೆ "ನಿನ್ ಕೆಲ್ಸ ನೋಡಮ್ಮ, ದೊಡ್ಡೋರು ನೋಡ್ತಾವ್ರೆ" ಅಂದ್ರಂತೆ.

ಸರಿ, ಫ್ಲೋರಲ್ಲಿ ಚಿತ್ರಾನ್ನ ಯಾಕೆ? ಊಟಕ್ಕೆ ಕ್ಯಾಂಟೀನ್ ಇದೆ, ಮಿಷಿನ್ ಹತ್ರ ತಿನ್ನೋ ಹಾಗಿಲ್ಲ ಅಂತ ಬೋರ್ಡೂ ಇದೆ. ಅಕ್ಕ ಲೈನ್ ಕಡೆ ಕೈ ತೋರಿಸಿದ್ರು. ಊಟದ ಟೈಮು ಅರ್ಧ ಗಂಟೆ, ಟಾರ್ಗೆಟ್ ಏರಿಸಿದ ಮೇಲೆ ಅದರಲ್ಲಿ ಕಾಲು ಗಂಟೆ ಹೊಲೀರಿ ಅಂತ ಬಾಯಿಮಾತಲ್ಲಿ ಆರ್ಡರ್ ಆಗಿದೆ. ಕ್ಯಾಂಟೀನ್‌ಗೆ ಹೋಗಿ ಕ್ಯೂ ನಿಂತು ಕೈ ತೊಳೆದು ಬರೋಕೆ ಆಗಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕಟ್ಕೊಂಡು ಬಂದ ಡಬ್ಬಿ ಮಡಿಲಲ್ಲಿಟ್ಕೊಂಡು ನಾಲ್ಕು ತುತ್ತು ತಿಂದು, ಸೀರೆ ಸೆರಗಿಗೆ ಕೈ ಒರೆಸ್ಕೊಂಡು ಕಾಲರ್ ಅಟ್ಯಾಚ್ ಮಾಡೋದು. ಟಾರ್ಗೆಟ್ ಯಾಕೆ ಏರಿತು ಅಂತಾನೂ ಅವರಿಗೆ ಗೊತ್ತಿತ್ತು. "ಮೇಲಿಂದ ಏನೋ ತಪ್ ಡೇಟು ಹೋಗಿತ್ತಂತೆ ಮೇಡಂ." ತಪ್ಪು ಡೇಟು ಕಳಿಸಿದವಳು ನಾನೇ ಅಂತ ಅವರಿಗೆ ಗೊತ್ತಿತ್ತೋ ಇಲ್ವೋ, ಇವತ್ತಿಗೂ ನಂಗೆ ಗೊತ್ತಿಲ್ಲ.

ಪರಿಹಾರವೂ ಅಕ್ಕಂದೇ. ಅರಿಶಿನದ ಕಲೆ ಬಿಸಿಲಿಗೆ ಹಾಕಿದ್ರೆ ಹೋಗುತ್ತೆ, ಅದನ್ನೂ ಎಲ್ಲ ಮನೇಲೂ ಗೊತ್ತಿರೋದೇ. ಟೆರೇಸ್ ಮೇಲೆ ಕ್ಲೀನ್ ಪ್ಲಾಸ್ಟಿಕ್ ಶೀಟ್ ಹಾಸಿ, ಹಗ್ಗ ಕಟ್ಟಿ ಮುನ್ನೂರ ಚಿಲ್ಲರೆ ಬಿಳಿ ಶರ್ಟ್ ಒಗೆದು ಒಣಹಾಕಿದ್ವಿ. ಪೀಣ್ಯದ ಕಡೆ ಧೂಳು ಗೊತ್ತಲ್ಲ, ಇಬ್ರು ಹೆಲ್ಪರ್‌ಗಳು ಕಾವಲು, ಕಾಗೆ ಬಂದ್ರೆ ಓಡಿಸೋಕೆ ಒಬ್ಬ. ಎರಡು ದಿನದ ಬಿಸಿಲಲ್ಲಿ ಮುಕ್ಕಾಲು ಪಾಲು ಕಲೆ ಕಾಣದಂಗೆ ಹೋಯ್ತು, ಉಳಿದಿದ್ದು ರಿಜೆಕ್ಟ್.

ಬಯರ್‌ಗೆ ಏನು ಬರೆಯೋದು ಅಂತ ಬಂತು. ಹಿಂದಿನ ಮೇಲ್‌ನಲ್ಲಿ ನೀರಲ್ಲಿ ಕಬ್ಬಿಣ ಅಂತ ಬರೆದುಬಿಟ್ಟಿದೀನಿ. ನನ್ನ ಮ್ಯಾನೇಜರ್ "ಹ್ಯಾಂಡ್ಲಿಂಗ್ ಸ್ಟೇನ್ ಅಂತ ಹಾಕಿ ಕ್ಲೋಸ್ ಮಾಡು" ಅಂದ್ರು. ಹಾಕ್ದೆ. ಎಚ್‌ಆರ್‌ನವರು ಆ ಲೈನಿನ ಟೈಲರ್‌ಗಳಿಗೆ ಮಿಷಿನ್ ಹತ್ರ ಊಟ ಮಾಡಿದ್ದಕ್ಕೆ ಮೆಮೊ ರೆಡಿ ಮಾಡಿದ್ರು. ಅಷ್ಟು ಹೊತ್ತಿಗೆ ನಂಗೆ ಒಂಚೂರು ಬುದ್ಧಿ ಬಂದಿತ್ತು, ಜಿಎಂ ಹತ್ರ ಹೋಗಿ ಸಾರ್ ಊಟದ ಟೈಮ್ ಕಿತ್ಕೊಂಡಿದ್ದು ನಾವು, ಡೇಟ್ ತಪ್ಪಾಗಿದ್ದು ನನ್ನ ರಿಪೋರ್ಟ್‌ನಿಂದ, ಮೆಮೊ ಕೊಡೋದಾದ್ರೆ ಫಸ್ಟ್ ನಂಗೆ ಕೊಡಿ ಅಂದೆ. ಅವರು ಅರ್ಧ ನಿಮಿಷ ನನ್ನ ನೋಡಿ ನಂಗೂ ಕೊಟ್ರು. ಟೈಲರ್‌ಗಳದ್ದು ನಿಂತುಹೋಯ್ತು, ಊಟದ ಅರ್ಧ ಗಂಟೆ ವಾಪಸ್ ಬಂತು, ಆ ವರ್ಷ ನನ್ನ ಇಂಕ್ರಿಮೆಂಟ್ ಬರಲಿಲ್ಲ. ಅಕ್ಕನ ಹೆಸರು ಯಾವ ಮೇಲ್‌ನಲ್ಲೂ ಬರಲಿಲ್ಲ, ಅದನ್ನ ನಾನು ಬರೀಬಹುದಿತ್ತು, ಯಾಕೆ ಬರೀಲಿಲ್ಲ ಅಂತ ಕೇಳಿದ್ರೆ ಉತ್ತರ ಇಲ್ಲ.

ಸಿನಿಮಾದ ಕೊನೇಲಿ ಒಬ್ಬ ಡಿಸೈನರ್‌ನ ಕಂಪನಿನ ಅವಳ ಮಗನೇ ಟೆಕ್ಸಸ್‌ನ ಬೂಟು ವ್ಯಾಪಾರಿಗೆ ಮಾರಿಬಿಡ್ತಾನೆ, ಆ ಸಿಟ್ಟಿಗೆ ಅವಳು ಕೊನೇ ಶೋನಲ್ಲಿ ಮಾಡೆಲ್‌ಗಳನ್ನ ಮೈಮೇಲೆ ಒಂದು ದಾರನೂ ಇಲ್ಲದಂಗೆ ರ‍್ಯಾಂಪ್ ಮೇಲೆ ಕಳಿಸ್ತಾಳೆ, ಜನ ಚಪ್ಪಾಳೆ ಹೊಡೀತಾರೆ. ಎಲ್ಲದಕ್ಕೂ ಪಟಪಟ ಅಂತ ವಿವರಣೆ ಕೊಡ್ತಿದ್ದ ಟಿವಿ ರಿಪೋರ್ಟರ್, ಕಿಮ್ ಬೇಸಿಂಗರ್, ಅಲ್ಲಿ ಮಾತು ನಿಂತು ಮೈಕ್ ತನ್ನ ಅಸಿಸ್ಟೆಂಟ್ ಹುಡುಗಿ ಕೈಗೆ ಕೊಟ್ಟು ಎದ್ದು ಹೋಗ್ತಾಳೆ. ಆ ಹುಡುಗಿ ಮೈಕ್ ಹಿಡಿದು ಏನೂ ಆಗಿಲ್ಲ ಅನ್ನೋ ಥರ ಶುರು ಮಾಡ್ತಾಳೆ. ನಮ್ಮನೆಯವರು ಇದೆಲ್ಲ ನಿಜವಾಗ್ಲೂ ಹೀಗೇ ಇರುತ್ತಾ ಅಂತ ಕೇಳಿದ್ರು. ಪ್ಯಾರಿಸ್ ನಾನು ನೋಡಿಲ್ಲ ಅಂದೆ. ಲೈನಲ್ಲಿ ಕೂತು ಹೊಲಿಯೋರ ಕಥೆ ಅದರಲ್ಲಿ ಇಲ್ಲ, ಆ ಎರಡು ಗಂಟೆಲಿ ಅಷ್ಟು ಬಟ್ಟೆ ಬಂದು ಹೋಗುತ್ತೆ, ಯಾರು ಹೊಲಿದ್ರು ಅಂತ ಒಬ್ರೂ ಕೇಳಲ್ಲ.

ಈಗಿರೋ ಫ್ಯಾಕ್ಟರಿಲಿ ನನ್ನ ಸೀಟು ಮೂರನೇ ಮಹಡಿ. ಹನ್ನೊಂದು ಗಂಟೆಗೆ ಒಂದು ಸಲ, ಊಟ ಆದ ಮೇಲೆ ಒಂದು ಸಲ ಕೆಳಗೆ ಹೋಗ್ತೀನಿ, ಆಲ್ಟರ್ ಕ್ರೇಟ್ ಕೈ ಹಾಕಿ ಎಣಿಸ್ತೀನಿ, ಆಮೇಲೇ ಮೇಲ್. ಮಂಡಿ ನೋವು ಶುರುವಾಗಿದೆ, ಲಿಫ್ಟ್ ಗೂಡ್ಸ್‌ಗೆ ಮಾತ್ರ.