ಹೆಬ್ಬೆರಳಿನ ಮುಂದೆ ಒಂದಿಷ್ಟು ಜಾಗ

ಬೆಳಿಗ್ಗೆ ಕುಂಬಳೆಯಿಂದ ಅನಂತಪುರದ ಕಡೆಗೆ ಓಡುವವಳು ನಾನು. ಹೋಗುವಾಗ ಏರು, ಬರುವಾಗ ಇಳಿಜಾರು. ಕಳೆದ ಮಳೆಗಾಲ ಆ ಇಳಿಜಾರಿನಲ್ಲೇ ಹೆಬ್ಬೆರಳಿನ ಉಗುರು ಕಪ್ಪಾಗಿ, ಕೊನೆಗೆ ಕಿತ್ತೇ ಬಂತು.

ಶೂ ಬಿಗಿಯಾಗಿತ್ತು. ದಿನಾ ಹಾಕುವ ಚಪ್ಪಲಿಯ ನಂಬರನ್ನೇ ಹೇಳಿ ತಂದಿದ್ದೆ. ಓಡುವಾಗ ಪಾದ ಸ್ವಲ್ಪ ಊದುತ್ತದೆ, ಇಳಿಯುವಾಗ ಮುಂದಕ್ಕೆ ಜಾರುತ್ತದೆ. ಜಾಗ ಇಲ್ಲದಿದ್ದರೆ ಹೆಜ್ಜೆ ಹೆಜ್ಜೆಗೂ ಉಗುರಿಗೆ ಪೆಟ್ಟು, ಅಲ್ವಾ?

ಈ ಸಲ ಹೊಸ ಶೂ ತರಲು ಅಂಗಡಿಗೆ ಸಂಜೆ ಹೋದೆ. ದಿನವಿಡೀ ನಡೆದಾಡಿದ ಪಾದ ಆಗ ಬೆಳಗ್ಗಿಗಿಂತ ಸ್ವಲ್ಪ ದಪ್ಪ ಇರುತ್ತದೆ. ಓಡುವಾಗಿನ ಸಾಕ್ಸನ್ನೇ ಹಾಕಿಕೊಂಡಿದ್ದೆ. ಎರಡೂ ಕಾಲಿಗೆ ಹಾಕಿ, ಲೇಸ್ ಕಟ್ಟಿ, ಎದ್ದು ನಿಂತು ನೋಡಿದೆ. ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನಷ್ಟು ಅಗಲ ಜಾಗ. ಒಳಗೆ ಬೆರಳುಗಳನ್ನು ಆರಾಮವಾಗಿ ಆಡಿಸಬಹುದು. ಹಿಮ್ಮಡಿ ಮಾತ್ರ ಮೇಲೆ ಕೆಳಗೆ ಜಾರಬಾರದು. ನನ್ನ ಎಡಪಾದ ಒಂಚೂರು ದೊಡ್ಡದು, ಅದರ ಅಳತೆಗೇ ತಗೊಂಡೆ.

"ಹಾಕ್ತಾ ಹಾಕ್ತಾ ಸರಿ ಆಗ್ತದೆ ಅಕ್ಕಾ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅಂಗಡಿಯಲ್ಲೇ ಒತ್ತುವ ಶೂ ರಸ್ತೆಯಲ್ಲಿ ಇನ್ನೂ ಜಾಸ್ತಿ ಒತ್ತುತ್ತದೆ.

ಹೊಸ ಉಗುರು ಈಗ ಮುಕ್ಕಾಲು ಭಾಗ ಬಂದಿದೆ.