ಮೂರು ಅಂತಸ್ತಿನ ಲಂಬ ಕೃಷಿ: ಈವರೆಗಿನ ಪ್ರಗತಿ ಮತ್ತು ಬೆಳಕಿನ ಲೆಕ್ಕ

ಕೋಣೆಯೊಳಗೆ ನಿಲ್ಲಿಸಿದ ಚೌಕಟ್ಟಿನ ಮೂರೂ ಅಂತಸ್ತುಗಳಲ್ಲಿ ಈಗ ಬೆಳೆ ನಿಂತಿದೆ. ಮೇಲಿನ ಎರಡರಲ್ಲಿ ಲೆಟಿಸ್ ಮತ್ತು ಪಾಲಕ್ ಇವೆ. ಕೆಳಗಿನದರಲ್ಲಿ, ಹೋಲಿಸಿ ನೋಡಲೆಂದೇ, ಗೋಧಿ ಬಿತ್ತಿದ್ದೇನೆ. ಒಂದೊಂದು ಅಂತಸ್ತಿನ ವಿಸ್ತಾರ ಒಂದು ಚದರ ಮೀಟರ್. ಪ್ರತಿಯೊಂದರ ಮೇಲೂ 100 ವ್ಯಾಟ್‌ನ ಎಲ್‌ಇಡಿ ದೀಪ ದಿನಕ್ಕೆ 16 ಗಂಟೆ ಉರಿಯುತ್ತದೆ. ಲಂಬ ಕೃಷಿಯಿಂದ, ಅಂದರೆ ಒಳಾಂಗಣದಲ್ಲಿ ಒಂದರ ಮೇಲೊಂದು ಅಂತಸ್ತಿನಲ್ಲಿ ಬೆಳೆ ತೆಗೆಯುವುದರಿಂದ, ಆಹಾರದ ಮತ್ತು ಭೂಮಿಯ ಕೊರತೆ ನೀಗೀತೇ ಎಂಬ ಪ್ರಶ್ನೆಯನ್ನು ಓದಿನಲ್ಲಷ್ಟೇ ಬಿಡದೆ, ಅಳತೆಗೆ ಸಿಗುವಷ್ಟು ಚಿಕ್ಕ ಪ್ರಮಾಣದಲ್ಲಾದರೂ ಬೆಳೆದು ನೋಡಬೇಕೆಂಬುದು ಈ ಯೋಜನೆಯ ಉದ್ದೇಶ.

ನೀರಿನ ಭಾಗ ಸುಲಭವಾಗಿ ಸಾಗುತ್ತಿದೆ. ಪೋಷಕಾಂಶ ಕರಗಿಸಿದ ನೀರು ಬೇರುಗಳ ನಡುವೆ ಹರಿದು ಮತ್ತೆ ತೊಟ್ಟಿಗೆ ಸೇರುತ್ತದೆ. ನೀರಿನ ಆಮ್ಲೀಯತೆಯ ಅಳತೆಯಾದ ಪಿಎಚ್ 5.5ರಿಂದ 6.5ರ ನಡುವೆ ಇರುವಂತೆ ನೋಡಿಕೊಂಡು, ಗಿಡಗಳು ಹೀರಿಕೊಂಡಷ್ಟನ್ನು ಮಾತ್ರ ತುಂಬಿಸಿದರೆ ಸಾಕು. ಮನುಷ್ಯರು ನದಿ, ಕೆರೆ, ಅಂತರ್ಜಲಗಳಿಂದ ತೆಗೆಯುವ ಸಿಹಿನೀರಿನಲ್ಲಿ ಸುಮಾರು ಶೇ. 70ರಷ್ಟು ಕೃಷಿಗೇ ಹೋಗುವುದರಿಂದ, ನೀರಿಲ್ಲದ ಕಡೆ ಈ ಒಂದು ಗುಣಕ್ಕಾಗಿಯೇ ಲಂಬ ಕೃಷಿಯನ್ನು ಗಂಭೀರವಾಗಿ ಪರಿಗಣಿಸಬೇಕು.

ಈ ಹಂತದಲ್ಲಿ ಹೆಚ್ಚು ಗಮನ ಬೇಡಿದ್ದು ಲೆಟಿಸ್. ಹೊರಗಿನ ಎಲೆಗಳು ಹಸಿರಾಗಿ, ಗರಿಗರಿಯಾಗಿ ಇರುವಾಗಲೇ ನಡುವಿನ ಸುಳಿಯ ಎಳೆಯ ಎಲೆಗಳ ಅಂಚು ಕಂದಾಗಿ, ಸುಟ್ಟಂತೆ ಮುರುಟತೊಡಗಿತು. ಇದು ರೋಗವಲ್ಲ, ಸುಣ್ಣದ ಅಂಶವಾದ ಕ್ಯಾಲ್ಸಿಯಂ ಸುಳಿಗೆ ತಲುಪದಿರುವುದರ ಲಕ್ಷಣ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಹರಿವಿನೊಂದಿಗೆ ಮಾತ್ರ ಮೇಲೇರುತ್ತದೆ. ಆ ಹರಿವು ಬಹುಮಟ್ಟಿಗೆ ಎಲೆಯಿಂದ ನೀರು ಆವಿಯಾಗುವುದರಿಂದಲೇ ನಡೆಯುತ್ತದೆ. ಒತ್ತಾಗಿ ಮುಚ್ಚಿಕೊಂಡ ಸುಳಿಯ ಸುತ್ತ ಗಾಳಿ ಅಲುಗದೆ, ತೇವದಿಂದ ತುಂಬಿ ನಿಂತರೆ, ತೊಟ್ಟಿಯಲ್ಲಿ ಕ್ಯಾಲ್ಸಿಯಂ ಎಷ್ಟಿದ್ದರೂ ಎಳೆಯ ಎಲೆಗೆ ಅದು ದಕ್ಕುವುದಿಲ್ಲ. ಆದ್ದರಿಂದ ದ್ರಾವಣವನ್ನು ಬದಲಿಸುವ ಗೋಜಿಗೆ ಹೋಗದೆ, ಮೇಲಿನಿಂದ ನೇರವಾಗಿ ಸುಳಿಯ ಮೇಲೆ ಬೀಸುವಂತೆ ಸಣ್ಣ ಫ್ಯಾನುಗಳನ್ನು ಕಟ್ಟಿದೆ. ಆಮೇಲೆ ಮೂಡಿದ ಎಲೆಗಳ ಅಂಚು ಸ್ವಚ್ಛವಾಗಿದೆ. ಬಯಲಿನಲ್ಲಿ ಗಾಳಿ ಬೇಡದೆಯೇ ಮಾಡಿಕೊಡುವ ಈ ಕೆಲಸಕ್ಕೂ ಕೋಣೆಯೊಳಗೆ ವಿದ್ಯುತ್ ಬೇಕಾಗುತ್ತದೆ ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ.

ಇನ್ನು ಬೆಳಕು. ನನ್ನ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಇದರ ಮೇಲೆ. ಒಂದು ಅಂತಸ್ತಿನ ದೀಪ ದಿನಕ್ಕೆ 1.6 ಯೂನಿಟ್ ವಿದ್ಯುತ್ ಬಳಸುತ್ತದೆ. ಆಹಾರದ ಲೆಕ್ಕದಲ್ಲಿ ಅದು ಸುಮಾರು 1,375 ಕಿಲೊಕ್ಯಾಲರಿ. 100 ಗ್ರಾಂ ಲೆಟಿಸ್‌ನಲ್ಲಿರುವುದು ಸುಮಾರು 15 ಕಿಲೊಕ್ಯಾಲರಿ ಮಾತ್ರ; ಅಂದರೆ ಒಂದೇ ದಿನದ ಬೆಳಕಿನ ಶಕ್ತಿ ಒಂಬತ್ತು ಕಿಲೊ ಸೊಪ್ಪಿನ ಶಕ್ತಿಗೆ ಸಮ. ಅಷ್ಟು ಸೊಪ್ಪು ಆ ಅಂತಸ್ತಿನಲ್ಲಿ ಇಡೀ ತಿಂಗಳಿಗೂ ಬರುವುದಿಲ್ಲ. ಸೊಪ್ಪನ್ನು ನಾವು ಹೊಟ್ಟೆ ತುಂಬಲೆಂದು ತಿನ್ನುವುದಿಲ್ಲ, ಅದರಲ್ಲಿನ ಜೀವಸತ್ವ ಮತ್ತು ತಾಜಾತನಕ್ಕಾಗಿ ತಿನ್ನುತ್ತೇವೆ ಎಂಬ ಕಾರಣದಿಂದ ಈ ವೆಚ್ಚವನ್ನು ಒಪ್ಪಬಹುದು. ಆದರೆ ಹಸಿವು ನೀಗಿಸುವುದು ಧಾನ್ಯ.

ಗೋಧಿಯ ವಿಷಯದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹತ್ತು ಅಂತಸ್ತಿನ ಕಟ್ಟಡದಲ್ಲಿ ಒಂದು ಹೆಕ್ಟೇರ್ ನೆಲದಿಂದ ವರ್ಷಕ್ಕೆ 700ರಿಂದ 1,940 ಟನ್‌ವರೆಗೆ ಬೆಳೆಯಬಹುದೆಂದು ಅಂದಾಜಿಸಿತ್ತು. ಬಯಲಿನ ಜಾಗತಿಕ ಸರಾಸರಿ ಸುಮಾರು 3.2 ಟನ್ ಎಂಬುದನ್ನು ನೆನೆದರೆ ಇದು ಬೆರಗು ಹುಟ್ಟಿಸುವ ಸಂಖ್ಯೆ. ಆದರೆ ಕೃತಕ ಬೆಳಕಿನ ವೆಚ್ಚದಿಂದಾಗಿ ಈಗಿನ ಮಾರುಕಟ್ಟೆಯಲ್ಲಿ ಅದು ಬಯಲಿನ ಗೋಧಿಯೊಡನೆ ಸ್ಪರ್ಧಿಸಲಾರದೆಂದು ಆ ಅಧ್ಯಯನವೇ ಹೇಳಿತ್ತು.

ಭೂಮಿಯ ಉಳಿತಾಯವನ್ನೂ ಇದೇ ಬೆಳಕಿನಲ್ಲಿ ತೂಗಿ ನೋಡಿದೆ. ಒಳ್ಳೆಯ ಬಿಸಿಲಿರುವ ಕಡೆ ಒಂದು ಚದರ ಮೀಟರ್ ನೆಲಕ್ಕೆ ದಿನಕ್ಕೆ ಸುಮಾರು 5 ಯೂನಿಟ್ ಸೂರ್ಯಶಕ್ತಿ ಬೀಳುತ್ತದೆ. ಅದರಲ್ಲಿ ಶೇ. 20ರಷ್ಟನ್ನು ಸೌರಫಲಕ ವಿದ್ಯುತ್ತಾಗಿ ಮಾರ್ಪಡಿಸಿದರೆ ಸಿಗುವುದು 1 ಯೂನಿಟ್. ನನ್ನ ಮೂರು ಅಂತಸ್ತುಗಳಿಗೆ ದಿನಕ್ಕೆ 4.8 ಯೂನಿಟ್ ಬೇಕು. ಹೀಗೆ ಒಂದು ಚದರ ಮೀಟರ್ ನೆಲದ ಮೇಲೆ ಮೂರು ಚದರ ಮೀಟರ್ ಬೆಳೆ ತೆಗೆಯಲು ಬೇರೆಲ್ಲೋ ಸುಮಾರು ಐದು ಚದರ ಮೀಟರ್ ಫಲಕ ಹಾಸಬೇಕಾಗುತ್ತದೆ. ಅಂತಸ್ತು ಏರಿದಷ್ಟೂ ಫಲಕದ ಹರಹೂ ಹಿಗ್ಗುತ್ತದೆ. ಫಲಕಗಳನ್ನು ಛಾವಣಿಯ ಮೇಲೆ ಅಥವಾ ಬರಡು ನೆಲದಲ್ಲಿ ಹಾಕಬಹುದು, ಗಾಳಿ ಅಥವಾ ಜಲವಿದ್ಯುತ್ತಿಗೆ ಈ ಲೆಕ್ಕ ಹೀಗೇ ಹೊಂದುವುದಿಲ್ಲ ಎಂಬ ಮಾತು ನ್ಯಾಯವಾದದ್ದೇ. ಹಾಗಿದ್ದರೂ ಲಂಬ ಕೃಷಿ ಭೂಮಿಯ ಸಮಸ್ಯೆಯನ್ನು ಶಕ್ತಿಯ ಸಮಸ್ಯೆಯಾಗಿ ಪರಿವರ್ತಿಸುತ್ತದೆ ಎಂಬುದೇ ನನ್ನ ಈವರೆಗಿನ ತೀರ್ಮಾನ. ಜೊತೆಗೆ, ಕೃಷಿಯ ಹಿಡಿತದಲ್ಲಿರುವ ನೆಲದ ಬಹುಪಾಲು ಜಾನುವಾರುಗಳ ಹುಲ್ಲುಗಾವಲು ಮತ್ತು ಮೇವಿಗೆ ಹೋಗುತ್ತಿರುವಾಗ, ಸೊಪ್ಪನ್ನಷ್ಟೇ ಒಳಾಂಗಣಕ್ಕೆ ತಂದರೆ ಬಿಡುವಾಗುವ ಭೂಮಿ ಅತ್ಯಲ್ಪ.

ಕೊಲಂಬಿಯಾ ವಿಶ್ವವಿದ್ಯಾಲಯದ ಡಿಕ್ಸನ್ ಡೆಸ್ಪೊಮಿಯರ್ 1999ರಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ರೂಪಿಸಿದ ಬಹುಮಹಡಿ ಹೊಲದ ಕಲ್ಪನೆ ನಗರಕ್ಕೆ ನಗರದಲ್ಲೇ ಅನ್ನ ಬೆಳೆಯುವ ದೊಡ್ಡ ಆಸೆಯದಾಗಿತ್ತು. ಆ ದಾರಿ ಹಿಡಿದ ದೊಡ್ಡ ಕಂಪನಿಗಳು ಮುಖ್ಯವಾಗಿ ಸೊಪ್ಪಿಗೇ ನಿಂತವು. ಏರೋಫಾರ್ಮ್ಸ್ 2023ರಲ್ಲಿ, ಪ್ಲೆಂಟಿ 2025ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದವು. ಬೋವರಿ 2024ರಲ್ಲಿ ಬಾಗಿಲು ಮುಚ್ಚಿತು. ಇದರಿಂದ ಕಲ್ಪನೆಯೇ ಸತ್ತಿತೆಂದು ನಾನು ತಿಳಿಯುವುದಿಲ್ಲ. ಅದಕ್ಕೆ ತಕ್ಕ ಕೆಲಸ ಯಾವುದೆಂದು ಇನ್ನೂ ಹುಡುಕಬೇಕಾಗಿದೆ.

ಮುಂದಿನ ಹಂತದಲ್ಲಿ ಗೋಧಿಯ ಕೊಯ್ಲಾದ ಕೂಡಲೇ ಕೆಳಗಿನ ಅಂತಸ್ತನ್ನು ಸಸಿಮಡಿಯಾಗಿ ಮಾರ್ಪಡಿಸುತ್ತೇನೆ. ಬಲಿತ ಗಿಡಕ್ಕೆ ಬೇಕಾದ ಜಾಗದಲ್ಲಿ ಹತ್ತಾರು ಸಸಿಗಳು ಒತ್ತಾಗಿ ಬೆಳೆಯುತ್ತವೆ, ಅವಕ್ಕೆ ಕಡಿಮೆ ಬೆಳಕು ಸಾಕು, ಅದೂ ಕೆಲವೇ ವಾರ. ಟೊಮೆಟೊ ಮತ್ತು ಮೆಣಸಿನ ಸಸಿಗಳನ್ನು ಒಳಗೆ ಬೆಳೆಸಿ ಬಯಲಿಗೆ ನಾಟಿ ಮಾಡಿದರೆ ಹೊಲದಲ್ಲಿ ಅಷ್ಟು ದಿನ ಉಳಿಯುತ್ತದೆ, ದೊಡ್ಡ ಪಾಲಿನ ಬೆಳಕನ್ನು ಸೂರ್ಯನೇ ಕೊಡುತ್ತಾನೆ. ಒಂದೊಂದು ಸಸಿಗೆ ತಗಲುವ ವಿದ್ಯುತ್ತನ್ನು ಪ್ರತ್ಯೇಕವಾಗಿ ಅಳೆಯಲು ಆ ಅಂತಸ್ತಿಗೆ ಬೇರೆ ಮೀಟರ್ ಜೋಡಿಸಿದ್ದೇನೆ.