ಆಸಿಡ್ ಒಂದ್ ಸಲ ನೋಡಿ ಸಾರ್

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಒಬ್ಬಳು ಹುಡುಗಿಯ ಮುಖ ಕಣ್ಣ ಮುಂದೆ ಬರುತ್ತದೆ. ಮೂರು ವರ್ಷ ಆಯ್ತು. ಇನ್ನೂ ಚುಚ್ಚುತ್ತದೆ.

ನಾನು ತಾಲ್ಲೂಕು ಕೇಂದ್ರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಆಗ ನನಗೆ ಹದಿನೇಳು ವರ್ಷದ ಸರ್ವೀಸ್. ಅವತ್ತು ಎರಡನೇ ಬ್ಯಾಚ್, ಮಧ್ಯಾಹ್ನ. ಎಕ್ಸ್‌ಟರ್ನಲ್ ಪರೀಕ್ಷಕರಾಗಿ ಬಂದಿದ್ದ ಮೇಡಂ ಕಿಟಕಿ ಪಕ್ಕ ಕೂತು ವೈವಾ, ಅಂದರೆ ಬಾಯಿ ಪರೀಕ್ಷೆ, ತಗೊಳ್ಳುತ್ತಿದ್ದರು. ಮಕ್ಕಳು ಆಕ್ಸಾಲಿಕ್ ಆಸಿಡ್, ಪರ್ಮಾಂಗನೇಟ್ ಟೈಟ್ರೇಶನ್ ಮಾಡುತ್ತಿದ್ದರು. ಒಂದು ದ್ರಾವಣಕ್ಕೆ ಇನ್ನೊಂದನ್ನು ಬಿಡುತ್ತಾ, ಎಷ್ಟು ಬೇಕಾಯಿತು ಅಂತ ಅಳೆಯುವುದು. ಎಲ್ಲ ಲ್ಯಾಬಿನಲ್ಲೂ ಪ್ರತಿ ವರ್ಷ ಆಗುವಂಥದ್ದೇ. ಪಿಪೆಟ್ಟಿನಲ್ಲಿ ಹತ್ತು ಎಂಎಲ್ ಆಕ್ಸಾಲಿಕ್, ಒಂದು ಟೆಸ್ಟ್‌ಟ್ಯೂಬ್ ತುಂಬಾ ಡೈಲ್ಯೂಟ್ ಸಲ್ಫ್ಯೂರಿಕ್, 60–70 ಡಿಗ್ರಿಗೆ ಬಿಸಿ, ಆಮೇಲೆ ಬ್ಯುರೆಟ್ಟಿನಿಂದ, ಅಂದರೆ ನಲ್ಲಿ ಇರುವ ಅಳತೆ ಕೊಳವೆಯಿಂದ, ನೇರಳೆ ಬಣ್ಣದ ಪರ್ಮಾಂಗನೇಟ್. ತೆಳು ಪಿಂಕ್ ಬಂದು ನಿಂತರೆ ಎಂಡ್ ಪಾಯಿಂಟ್, ರಿಯಾಕ್ಷನ್ ಮುಗಿದ ಗುರುತು.

ಎರಡನೇ ಟೇಬಲ್ಲಿನ ಹುಡುಗಿ ಕೈ ಎತ್ತಿದಳು. "ಸಾರ್, ಬ್ರೌನ್ ಬರ್ತಿದೆ."

ಹೋಗಿ ನೋಡಿದೆ. ಫ್ಲಾಸ್ಕಿನಲ್ಲಿ ಕೆಸರು ನೀರಿನಂಥ ಕಂದು.

"ಬಿಸಿ ಮಾಡಿದ್ಯಾ?"

"ಮಾಡಿದೀನಿ ಸಾರ್, ಆವಿ ಬರೋವರೆಗೂ."

"ಹಾಗಾದ್ರೆ ಬ್ಯುರೆಟ್ ಜೋರಾಗಿ ಬಿಟ್ಟಿದ್ದೀಯ. ಚೆಲ್ಲಿ ಇನ್ನೊಂದು ತಗೋ. ಹನಿ ಹನಿ ಬಿಡು."

ಇನ್ನೊಂದು ತಗೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಮೊದಲು ಬಣ್ಣ ಸರಿಯಾಗಿಯೇ ಮಾಯವಾಗುತ್ತಿತ್ತು. ಎಂಡ್ ಪಾಯಿಂಟಿಗೆ ಇನ್ನೂ ದೂರ ಇರುವಾಗಲೇ ಮತ್ತೆ ಅದೇ ಕಂದು. ಅವಳು ಮೆಲ್ಲಗೆ ಹೇಳಿದಳು, "ಸಾರ್, ಆಸಿಡ್ ಒಂದ್ ಸಲ ನೋಡಿ ಸಾರ್."

ಅಲ್ಲಿ ನಾನು ತಪ್ಪಿದೆ. "ಬೆಳಗ್ಗೆ ಬ್ಯಾಚ್‌ನವರು ಅದೇ ಬಾಟಲಲ್ಲಿ ಮಾಡಿ ಹೋಗಿದಾರೆ. ಸುಮ್ನೆ ನೆಪ ಹೇಳ್ಬೇಡ" ಎಂದೆ. ದನಿ ಜೋರಾಗಿಯೇ ಇತ್ತು. ಇಡೀ ಲ್ಯಾಬ್ ತಿರುಗಿ ನೋಡಿತು. ಅವಳು ಏನೂ ಹೇಳಲಿಲ್ಲ. ಸಿಂಕ್ ಹತ್ತಿರ ಹೋಗಿ ಫ್ಲಾಸ್ಕ್ ತೊಳೆಯಲು ನಿಂತಳು. ಬೆನ್ನು ನಮ್ಮ ಕಡೆ ಇತ್ತು. ಒಂದು ಫ್ಲಾಸ್ಕ್ ತೊಳೆಯಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಒಂದೈದು ನಿಮಿಷ ಕಳೆದಿರಬೇಕು. ನಾಲ್ಕನೇ ಟೇಬಲ್ ಹುಡುಗನ ಫ್ಲಾಸ್ಕಿನಲ್ಲೂ ಕಂದು ಕಂಡಿತು. ಅವನು ನನ್ನನ್ನು ನೋಡಿದ ಕೂಡಲೇ ಅದನ್ನು ಸಿಂಕಿಗೆ ಸುರಿದುಬಿಟ್ಟ. ಹಾಳೆ ನೋಡಿದೆ. 10.2, 10.2, 10.3 ಎಂಎಲ್ ಅಂತ ನೀಟಾಗಿ ಬರೆದಿದ್ದ. ಅವನ ಹಿಂದಿನವನ ಹಾಳೆಯಲ್ಲೂ ಹೆಚ್ಚುಕಡಿಮೆ ಅದೇ. ಬ್ಯುರೆಟ್ ನೋಡಿದರೆ ಆ ರೀಡಿಂಗ್ ಎಲ್ಲೂ ಇಲ್ಲ. "ಹತ್ತರ ಹತ್ತಿರ ಬರುತ್ತೆ" ಅಂತ ರಿವಿಷನ್ ಕ್ಲಾಸಿನಲ್ಲಿ ಹೇಳಿಕೊಟ್ಟವನು ನಾನೇ. ಫ್ಲಾಸ್ಕಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದವಳು ಬೈಸಿಕೊಂಡಿದ್ದಳು. ಉಳಿದವರು ಬಾಯಿ ಬಿಟ್ಟಿರಲಿಲ್ಲ.

ಆಗ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಬಾಟಲಿನಿಂದ ಟೆಸ್ಟ್‌ಟ್ಯೂಬಿಗೆ ಆಸಿಡ್ ಹಾಕಿ, ಸಾಲ್ಟ್ ಅನಾಲಿಸಿಸ್ ಟೇಬಲ್ಲಿನಿಂದ ಚಿಟಿಕೆ ಸೋಡಿಯಂ ಕಾರ್ಬೊನೇಟ್ ತಂದು ಹಾಕಿದೆ. ಆಸಿಡ್ ಸರಿಯಾಗಿದ್ದರೆ ಬುಸ್ ಅಂತ ನೊರೆ ಉಕ್ಕಬೇಕಿತ್ತು. ನಾಲ್ಕು ಗುಳ್ಳೆ ಎದ್ದು ಸುಮ್ಮನಾಯಿತು.

ಅಟೆಂಡರ್ ಅಣ್ಣನನ್ನು ಹೊರಗೆ ಕರೆದು ಕೇಳಿದೆ. "ಊಟದ ಹೊತ್ತಲ್ಲಿ ಬಾಟಲ್ ತಳ ಕಂಡಿತ್ತು ಸಾರ್. ಎಲ್ಲಾ ಬ್ಯಾಚ್‌ಗೂ ಸಾಕಾಗೋ ಹಾಗೆ ನೋಡ್ಕೋ ಅಂತ ನೀವೇ ಹೇಳಿದ್ರಲ್ಲ. ಡಿಸ್ಟಿಲ್ಡ್ ವಾಟರ್ ಹಾಕ್ದೆ." ನಾನು ಹಾಗೆ ಹೇಳಿದ್ದು ನಿಜ. ಇಂಟರ್ನಲ್ ಮಾರ್ಕ್ಸ್ ಆನ್‌ಲೈನ್ ಎಂಟ್ರಿ ಮಾಡುತ್ತಾ, ತಲೆ ಎತ್ತದೆ ಹೇಳಿದ್ದೆ. ಅಣ್ಣ ಲ್ಯಾಬ್ ಕೆಲಸಕ್ಕೆ ಅಂತ ಬಂದವರೇ ಅಲ್ಲ. ಬೆಲ್ ಹೊಡೆಯುವವರೂ ಅವರೇ, ಆಫೀಸಿನ ಟಪಾಲು ಒಯ್ಯುವವರೂ ಅವರೇ. ಲ್ಯಾಬ್ ಅಸಿಸ್ಟೆಂಟ್ ಬೇಕು ಅಂತ ನಾವು ಬರೆಯುತ್ತಲೇ ಇದ್ದೇವೆ, ಉತ್ತರ ಬರುತ್ತಿಲ್ಲ. ರಿಸಲ್ಟ್ ಕಮ್ಮಿ ಆದರೆ ಮಾತ್ರ ಮರುದಿನವೇ ಮೀಟಿಂಗ್. ಆದರೂ ಆ ಬಾಟಲ್ ಚೆಕ್ ಮಾಡಬೇಕಾದವನು ನಾನು.

ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಮೊದಲು ಆಸಿಡ್ ಮಾಡಿ. ಅರ್ಧ ಗಂಟೆ ಜಾಸ್ತಿ ಕೊಡೋಣ" ಎಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ಬೀಕರಿನಲ್ಲಿ ನೀರು ತಗೊಂಡು, ಬೀಕರನ್ನು ತಣ್ಣೀರಿನ ಟಬ್ಬಿನಲ್ಲಿ ಇಟ್ಟು, ಕಾನ್ಸಂಟ್ರೇಟೆಡ್ ಆಸಿಡ್ಡನ್ನು ಗಾಜಿನ ಕಡ್ಡಿ ಗುಂಟ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಎಷ್ಟು ಅವಸರ ಇದ್ದರೂ ಅದು ಅವಸರದ ಕೆಲಸ ಅಲ್ಲ. ಬೀಕರ್ ಕೈ ಸುಡುವಷ್ಟು ಕಾದಿತ್ತು. ಆರುವವರೆಗೆ ಕಾಯಬೇಕು. ಮಕ್ಕಳೆಲ್ಲ ಕೈ ಕಟ್ಟಿಕೊಂಡು ನಿಂತಿದ್ದರು. ಯಾರೂ ಮಾತಾಡಲಿಲ್ಲ. ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಹೊಸ ಆಸಿಡ್ ಹಾಕಿದ ಮೇಲೆ ಅವಳ ಫ್ಲಾಸ್ಕಿನಲ್ಲಿ ಪಿಂಕ್ ಬಂದು ನಿಂತಿತು. ಗುಲಾಬಿ ಎಸಳಿನ ತುದಿಯಷ್ಟು ತೆಳುವಾಗಿ. ಅವಳು ತಲೆ ಎತ್ತಿ ನನ್ನನ್ನು ನೋಡಲಿಲ್ಲ.

ವೈವಾದಲ್ಲಿ ಮೇಡಂ ಅವಳನ್ನೇ ಕೇಳಿದರು, "ಆಸಿಡ್ ಮೇಲೆ ಡೌಟ್ ಯಾಕೆ ಬಂತಮ್ಮ?" ನಾನು ಪಕ್ಕದಲ್ಲೇ ಇದ್ದೆ. ಅವಳು ಹೇಳಿದ್ದು ಇಷ್ಟು. ಆಸಿಡ್ ಇದ್ದರೆ ಪರ್ಮಾಂಗನೇಟ್ ಐದು ಎಲೆಕ್ಟ್ರಾನ್ ತಗೊಂಡು ಮ್ಯಾಂಗನೀಸ್ ಟೂ ಪ್ಲಸ್ ಆಗುತ್ತೆ, ಅದಕ್ಕೆ ಬಣ್ಣವೇ ಇಲ್ಲ ಅನ್ನೋ ಹಾಗೆ ಇರುತ್ತೆ. ಆಸಿಡ್ ಸಾಲದೇ ಇದ್ದರೆ ಮೂರೇ ಎಲೆಕ್ಟ್ರಾನ್ ತಗೊಂಡು ಮ್ಯಾಂಗನೀಸ್ ಡೈಆಕ್ಸೈಡಿನಲ್ಲೇ ನಿಂತುಬಿಡುತ್ತೆ, ಅದು ಕಂದು. ಡಿ ಬ್ಲಾಕ್ ಪಾಠದಲ್ಲಿದೆ ಮೇಡಂ.

ಹೌದು, ಮ್ಯಾಂಗನೀಸಿನಂಥ ಲೋಹಗಳ ಆ ಡಿ ಬ್ಲಾಕ್ ಪಾಠದಲ್ಲಿದೆ. ಪರ್ಮಾಂಗನೇಟ್ ತಯಾರಿಕೆ, ಅದರ ಆಕ್ಸಿಡೈಸಿಂಗ್ ರಿಯಾಕ್ಷನ್, ಇವೆಲ್ಲ ನಾನು ಬೋರ್ಡಿನ ಮೇಲೆ ಬಾಕ್ಸ್ ಹಾಕಿ "ಇಂಪಾರ್ಟೆಂಟ್" ಅಂತ ಬರೆಸುವಂಥದ್ದು. ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ ಪಾಸಿಂಗ್ ಪ್ಯಾಕೇಜಿನಲ್ಲೂ ಸೇರಿಸಿದ್ದೇನೆ. ಆ ಎರಡು ಈಕ್ವೇಶನ್ ಇಡೀ ಬ್ಯಾಚಿಗೆ ಬಾಯಿಪಾಠ. ಥಿಯರಿಯ 70 ಅಂಕಕ್ಕೆ ಒಂದು ಓದು, ಪ್ರಾಕ್ಟಿಕಲ್‌ನ 30ಕ್ಕೆ ಇನ್ನೊಂದು ಓದು ಅಂತ ಮಕ್ಕಳ ತಲೆಯಲ್ಲಿ ಗೋಡೆ ಕಟ್ಟಿದ್ದು ನಾವು. ಅದೇ ಈಕ್ವೇಶನ್ ಫ್ಲಾಸ್ಕಿನಲ್ಲಿ ಕಣ್ಣೆದುರಿಗೆ ಬಂದು ಕೂತಾಗ ಗುರುತು ಹಿಡಿದವಳು ಅವಳೊಬ್ಬಳೇ. ಆ ಹೊತ್ತಿನಲ್ಲಿ ನಾನೂ ಹಿಡಿದಿರಲಿಲ್ಲ. ಕಂದು ಬರಲು ಮೂರು ಕಾರಣ ಇರಬಹುದು ಅಂತ ನನಗೆ ಗೊತ್ತು. ಬಿಸಿ ಸಾಲದು, ಜೋರಾಗಿ ಬಿಟ್ಟಿದ್ದಾರೆ, ಆಸಿಡ್ ಸಾಲದು. ಮೊದಲೆರಡು ಮಕ್ಕಳ ತಪ್ಪು, ಮೂರನೆಯದು ಲ್ಯಾಬಿನದು. ನಾನು ಮೊದಲೆರಡನ್ನೇ ಕೇಳಿ ನಿಲ್ಲಿಸಿದ್ದೆ.

ಅವಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸಂಜೆ ರೆಕಾರ್ಡ್‌ಗಳಿಗೆ ಸಹಿ ಹಾಕುವಾಗ ಅವಳದ್ದು ತೆರೆದು ನೋಡಿದೆ. ಮಾರ್ಜಿನ್ನಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ಆಕ್ಸಿಡೇಶನ್ ಪಕ್ಕ "ಉತ್ಕರ್ಷಣ, ಎಲೆಕ್ಟ್ರಾನ್ ಬಿಟ್ಟುಕೊಡೋದು". ಅದರ ಕೆಳಗೆ "ಹೈಡ್ರೋಕ್ಲೋರಿಕ್ ಯಾಕೆ ಹಾಕಬಾರದು? ಪರ್ಮಾಂಗನೇಟ್ ಅದನ್ನೂ ಕ್ಲೋರಿನ್ ಮಾಡುತ್ತೆ". ಇಂಗ್ಲಿಷಿನ ಸಾಲು ಉರು ಹೊಡೆಯಲು ಕಷ್ಟವಾಗಿ, ಅರ್ಥ ಮಾಡಿಕೊಳ್ಳುವ ದಾರಿ ಹಿಡಿದಿದ್ದಳು ಅನಿಸುತ್ತೆ. ಸ್ಟಾಫ್ ರೂಮಿನ ಲಿಸ್ಟಿನಲ್ಲಿ ನಾವು ಅವಳನ್ನು "ಸ್ಲೋ ಲರ್ನರ್" ಅಂತ ಹಾಕಿದ್ದೆವು.

ಬ್ಯಾಚ್ ಬಿಡುವ ಮುಂಚೆ ಎಲ್ಲರ ಮುಂದೆ ತಪ್ಪು ನನ್ನದು ಅಂತ ಹೇಳಿದ್ದೆ. ಅವಳು "ಪರ್ವಾಗಿಲ್ಲ ಸಾರ್" ಎಂದು, ಚೆಲ್ಲಿದ ಎರಡು ರೀಡಿಂಗಿಗೆ ಮಾರ್ಕ್ಸ್ ಕಟ್ ಆಗುತ್ತಾ ಅಂತ ಕೇಳಿದಳು. ಅಷ್ಟು ಹೊತ್ತೂ ಅವಳು ಅದೇ ಯೋಚನೆಯಲ್ಲಿ ಇದ್ದಳಲ್ಲ ಅಂತ ಸಂಕಟ ಆಯ್ತು.

ಈಗ ಪ್ರತಿ ಬ್ಯಾಚಿಗೂ ಮುಂಚೆ ನಾನೇ ಒಂದು ಟೈಟ್ರೇಶನ್ ಮಾಡಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ರೀಡಿಂಗ್ ಎಷ್ಟು ಬರುತ್ತೆ ಅಂತ ಮಕ್ಕಳಿಗೆ ಹೇಳುವುದು ಬಿಟ್ಟಿದ್ದೇನೆ. ಪರ್ಮಾಂಗನೇಟ್ ಪಾಠವನ್ನು ಕ್ಲಾಸ್ ರೂಮಿನಲ್ಲಿ ಮಾಡುವುದಿಲ್ಲ, ಲ್ಯಾಬಿಗೇ ಕರೆದೊಯ್ದು, ಒಂದು ಫ್ಲಾಸ್ಕಿಗೆ ಆಸಿಡ್ ಹಾಕಿ ಇನ್ನೊಂದಕ್ಕೆ ಹಾಕದೆ ಎರಡನ್ನೂ ಅವರ ಕೈಯಲ್ಲೇ ಮಾಡಿಸುತ್ತೇನೆ. ಒಂದು ಪೀರಿಯಡ್ ಹೋಗುತ್ತೆ. ಪೋರ್ಷನ್ ಹಿಂದೆ ಬೀಳುತ್ತೆ ಅಂತ ಮೀಟಿಂಗಿನಲ್ಲಿ ಕೇಳಿಸಿಕೊಂಡಿದ್ದೂ ಆಯ್ತು. ಹೋಗಲಿ ಬಿಡಿ ಎಂದೆ.

ಈ ಸಲದ ಪ್ರಿಪರೇಟರಿಯಲ್ಲಿ ಒಬ್ಬ ಹುಡುಗ ಕಂದು ಫ್ಲಾಸ್ಕ್ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದ. "ಸಾರ್, ಬಾಟಲ್ ಟೆಸ್ಟ್ ಮಾಡ್ಲಾ?" ಮಾಡು ಎಂದೆ. ಕಾರ್ಬೊನೇಟ್ ಹಾಕಿದ, ನೊರೆ ಟ್ಯೂಬಿನ ಬಾಯಿವರೆಗೆ ಬಂತು. ಅದನ್ನೇ ನೋಡುತ್ತಾ ಒಂದು ನಿಮಿಷ ನಿಂತಿದ್ದು, "ಹಾಗಾದ್ರೆ ನಾನೇ ಬಿಸಿ ಸರಿಯಾಗಿ ಮಾಡಿಲ್ಲ ಸಾರ್" ಎಂದು ವಾಪಸ್ ಬರ್ನರ್ ಹತ್ತಿರ ಹೋದ.